ಒಳಕ್ಕೆ ಸೋರುವ ಗಾಳಿ

ಬೆಂಗಳೂರಿನ ಟೌನ್‌ಹಾಲ್ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿದ್ದಿತ್ತು. ಗೇರು ನ್ಯೂಟ್ರಲ್‌ಗೆ ತಂದು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು ಕೂತಿದ್ದೆ. ಇಂಜಿನ್ ಮಾತ್ರ ಸುಮ್ಮನಾಗಲಿಲ್ಲ. ಆರ್‌ಪಿಎಂ ಮುಳ್ಳು 1500ರ ತನಕ ಏರಿತು, ಅಲ್ಲೊಂದು ಕ್ಷಣ ನಿಂತಿತು, ಧೊಪ್ಪನೆ 900ಕ್ಕೆ ಬಿತ್ತು, ಮತ್ತೆ ಏರಿತು. ಉಯ್ಯಾಲೆ ಜೀಕಿದ ಹಾಗೆ. ನಾನು ಬೇಕೆಂದೇ ರೇಸ್ ಮಾಡುತ್ತಿದ್ದೇನೆ ಅಂದುಕೊಂಡು ಪಕ್ಕದ ಆಟೋದವರು ಕತ್ತು ಹೊರಳಿಸಿ ನೋಡಿದರು.

ಹದಿನಾಲ್ಕು ವರ್ಷದ ಕಾರು ಅದು. 1.2 ಲೀಟರಿನ ಪೆಟ್ರೋಲ್ ಇಂಜಿನ್. ಈ ಕಾಟ ಶುರುವಾಗಿ ಆಗಲೇ ಐದು ವಾರ ಕಳೆದಿತ್ತು, ಕೈಯಲ್ಲಿ ಮೂರು ಬಿಲ್ಲುಗಳಿದ್ದವು. ಮೊದಲ ಸಲ ಥ್ರಾಟಲ್ ಬಾಡಿ ಬಿಚ್ಚಿ ತೊಳೆದರು. ಎರಡನೇ ಸಲ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾದವು. ಮೂರನೇ ಸಲ ಐಡಲ್ ವಾಲ್ವ್ ಹೊಸದು ಬಂತು. ಅದರ ಬಿಲ್ಲೇ ಎಲ್ಲಕ್ಕಿಂತ ದೊಡ್ಡದು. ಪ್ರತಿ ಸಲವೂ ಸ್ಕ್ಯಾನರ್ ಹಾಕಿ, "ಕೋಡ್ ಏನೂ ತೋರಿಸ್ತಿಲ್ಲ ಸಾರ್, ಗಾಡಿ ಓಕೆ" ಎಂದು ಹೇಳಿ ಕಳಿಸಿದರು. ಎರಡು ದಿನ ಓಕೆ ಇರುತ್ತಿತ್ತು. ಮೂರನೇ ದಿನ ಮತ್ತದೇ ಉಯ್ಯಾಲೆ.

ಮೆಕ್ಯಾನಿಕ್‌ಗಳ ಬಾಯಲ್ಲಿ ಇದಕ್ಕೆ 'ಏರ್ ಲೀಕ್' ಎಂದು ಹೆಸರು. 'ಗಾಡಿ ಏರ್ ಎಳೀತಿದೆ' ಅನ್ನುವುದೂ ಉಂಟು. ಕಾರಿನ ಕಾಯಿಲೆಗಳಲ್ಲಿ ಇದನ್ನು ಪತ್ತೆ ಮಾಡಲು ತಗಲುವ ಖರ್ಚು ಅತಿ ಕಡಿಮೆ. ಪತ್ತೆ ಮಾಡದೆ ಬಿಟ್ಟರೆ ತೆರಬೇಕಾದ ದುಡ್ಡು ಅತಿ ಹೆಚ್ಚು. ಯಾಕೆಂದರೆ ಈ ಕಾಯಿಲೆ ಬೇರೆ ಹತ್ತು ಕಾಯಿಲೆಗಳ ವೇಷ ಹಾಕುತ್ತದೆ. ಪ್ಲಗ್ ಕೆಟ್ಟಂತೆ ಮಿಸ್ ಹೊಡೆಸುತ್ತದೆ, ಪೆಟ್ರೋಲ್ ಪಂಪ್ ಸೋತಂತೆ ಪಿಕಪ್ ಕಳೆಯುತ್ತದೆ, ಸೆನ್ಸರ್ ಹೋದಂತೆ ಚೆಕ್ ಲೈಟ್ ಉರಿಸುತ್ತದೆ. ವೇಷ ನೋಡಿ ಒಂದೊಂದೇ ಬಿಡಿಭಾಗ ಬದಲಿಸುತ್ತಾ ಹೋದರೆ ಕೊನೆಗೆ ಕಾರೆಲ್ಲ ಹೊಸದಾಗುತ್ತದೆ, ತೂತು ಇದ್ದಲ್ಲೇ ಇರುತ್ತದೆ.

ಕನ್ನಡದಲ್ಲಿ ಸೋರಿಕೆ ಅಂದರೆ ಒಳಗಿದ್ದದ್ದು ಹೊರಗೆ ಹೋಗುವುದು. ಕೊಡ ಸೋರುತ್ತದೆ, ನಲ್ಲಿ ಸೋರುತ್ತದೆ. ಇಲ್ಲಿ ನಡೆಯುವುದು ಅದರ ಉಲ್ಟಾ. ಹಳ್ಳಿಯಲ್ಲಿ ಪಪ್ಪಾಯಿ ಎಲೆಯ ದಂಟು ಮುರಿದು ಎಳನೀರಿಗೆ ಇಳಿಬಿಟ್ಟು ಹೀರಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ದಂಟಿನ ನಡುವೆ ಒಂದು ಸೀಳು ಇದ್ದರೆ ಎಷ್ಟು ಹೀರಿದರೂ ಬಾಯಿಗೆ ಬರುವುದು ಗಾಳಿಯೇ. ಪೆಟ್ರೋಲ್ ಇಂಜಿನ್ ಕೂಡ ಹೀಗೆ ಹೀರುವ ಯಂತ್ರ. ಪಿಸ್ಟನ್ ಕೆಳಗಿಳಿದಾಗ ಏರ್ ಫಿಲ್ಟರ್ ಮೂಲಕ ಗಾಳಿ ಬರಬೇಕು. ಆ ದಾರಿಯಲ್ಲಿ ಥ್ರಾಟಲ್ ಎಂಬ ಬಾಗಿಲಿದೆ. ನಾವು ಆಕ್ಸಿಲರೇಟರ್ ತುಳಿದಷ್ಟು ತೆರೆಯುತ್ತದೆ. ಸಿಗ್ನಲ್‌ನಲ್ಲಿ ಕಾಲು ತೆಗೆದಾಗ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಎಳೆಯುವುದನ್ನು ಬಿಡುವುದಿಲ್ಲವಲ್ಲ, ಹಾಗಾಗಿ ಬಾಗಿಲಿನ ಆಚೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನೊಳಗೆ ಗಾಳಿ ತೆಳ್ಳಗಾಗಿ ಒತ್ತಡ ಕುಸಿಯುತ್ತದೆ. ವ್ಯಾಕ್ಯೂಮ್ ಅನ್ನುವುದು ಇದನ್ನೇ.

ನಿರ್ವಾತಕ್ಕೆ ತನ್ನದೇ ಆದ ಎಳೆಯುವ ಶಕ್ತಿ ಇಲ್ಲ. 1643ರ ಸುಮಾರಿಗೆ ಇಟಲಿಯ ಟಾರಿಚೆಲ್ಲಿ ಪಾದರಸದ ಕೊಳವೆಯಲ್ಲಿ ತೋರಿಸಿದ್ದು ಇದನ್ನು: ತಳ್ಳುವುದು ಹೊರಗಿನ ಗಾಳಿ. ನಮ್ಮ ತಲೆಯ ಮೇಲಿರುವ ವಾತಾವರಣದ ಭಾರವೇ ಸಿಕ್ಕ ಸಂದಿಯಲ್ಲೆಲ್ಲ ನುಗ್ಗಲು ಹವಣಿಸುತ್ತಿರುತ್ತದೆ. ಇದನ್ನು ನಿಮ್ಮ ಕಾರಿನಲ್ಲೇ ಅಳೆದು ನೋಡಬಹುದು. ಡ್ಯಾಶ್‌ಬೋರ್ಡ್ ಕೆಳಗೆ ಸ್ಟೀರಿಂಗ್ ಹತ್ತಿರ ಹದಿನಾರು ಪಿನ್ನಿನ ಒಂದು ಸಾಕೆಟ್ ಇದೆ. ಅದಕ್ಕೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ಸ್ಕ್ಯಾನರ್ ಅಗ್ಗಕ್ಕೆ ಸಿಗುತ್ತದೆ. ಫೋನಿನಲ್ಲಿ ಅಂಕಿಗಳು ಬರುತ್ತವೆ. ಕೀ ಮಾತ್ರ ತಿರುಗಿಸಿ, ಇಂಜಿನ್ ಚಾಲೂ ಮಾಡದೆ, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಕಾರಿನಲ್ಲಿ ಒತ್ತಡ ಓದಿ. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ 91ರ ಆಸುಪಾಸು. ಇಂಜಿನ್ ಚಾಲೂ ಮಾಡಿ, ಬಿಸಿಯಾದ ಮೇಲೆ ಎ.ಸಿ. ಆಫ್ ಮಾಡಿ ನೋಡಿದರೆ 30ರಿಂದ 40ರ ನಡುವೆ ನಿಲ್ಲುತ್ತದೆ. ಹೊರಗೆ 91, ಒಳಗೆ 35. ಈ ವ್ಯತ್ಯಾಸವೇ ಬಿರುಕಿನ ಮೂಲಕ ಗಾಳಿಯನ್ನು ನುಗ್ಗಿಸುವುದು.

ಎಷ್ಟು ದೊಡ್ಡ ಬಿರುಕು ಬೇಕು? ಲೆಕ್ಕ ಹಾಕಿ ನೋಡಿದಾಗ ನನಗೇ ಆಶ್ಚರ್ಯವಾಯಿತು. 1.2 ಲೀಟರಿನ ಇಂಜಿನ್ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ನಿಂತಲ್ಲೇ ಓಡುವಾಗ, ಸೆಕೆಂಡಿಗೆ ಎರಡರಿಂದ ಮೂರು ಗ್ರಾಂ ಗಾಳಿ ಉಸಿರಾಡುತ್ತದೆ. ಎರಡು ಮಿಲಿಮೀಟರ್ ಅಗಲದ, ಅಂದರೆ ದಪ್ಪ ಸಾಸಿವೆ ಕಾಳಿನಷ್ಟು ತೂತಿನಿಂದ ಈ ಒತ್ತಡದಲ್ಲಿ ಸೆಕೆಂಡಿಗೆ ಅರ್ಧ ಗ್ರಾಂ ಒಳಗೆ ಬರುತ್ತದೆ. ಇಡೀ ಉಸಿರಿನ ಐದನೇ ಒಂದು ಪಾಲು ಒಂದು ಸಾಸಿವೆ ಕಾಳಿನಿಂದ! ಜೋಳದ ಕಾಳಿನಷ್ಟು ತೂತಾದರೆ ಸೆಕೆಂಡಿಗೆ ಎರಡು ಗ್ರಾಂ. ಥ್ರಾಟಲ್ ಪೂರ್ತಿ ಮುಚ್ಚಿದರೂ ಇಂಜಿನ್ ಓಡಬಲ್ಲದು.

ಇನ್ನೊಂದು ವಿಷಯ. ಒಳಗಿನ ಒತ್ತಡ ಹೊರಗಿನದರ ಅರ್ಧದ ಆಸುಪಾಸಿಗೆ ಇಳಿದರೆ, ತೂತಿನ ಕಿರಿದಾದ ಜಾಗದಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟುತ್ತದೆ. ಆಮೇಲೆ ಒಳಗೆ ಎಷ್ಟೇ ತೆಳ್ಳಗಾದರೂ ನುಗ್ಗುವ ಪ್ರಮಾಣ ಹೆಚ್ಚುವುದಿಲ್ಲ. ಬಾನೆಟ್ ಎತ್ತಿದಾಗ ಕೇಳುವ 'ಸ್ಸ್' ಸದ್ದು ಈ ವೇಗದಿಂದ ಹುಟ್ಟಿದ್ದು. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವಾಗ ಅದೇ ಇಂಜಿನ್‌ಗೆ ಸೆಕೆಂಡಿಗೆ ಹತ್ತು ಗ್ರಾಂಗೂ ಹೆಚ್ಚು ಗಾಳಿ ಬೇಕು. ಸಾಸಿವೆ ತೂತಿನ ಅರ್ಧ ಗ್ರಾಂ ಅಲ್ಲಿ ನೂರಕ್ಕೆ ನಾಲ್ಕೈದು ಪಾಲು ಅಷ್ಟೇ. ನನ್ನ ಕಾರು ನೈಸ್ ರಸ್ತೆಯಲ್ಲಿ ಬೆಣ್ಣೆಯಂತೆ ಓಡಿ, ಸಿಗ್ನಲ್‌ನಲ್ಲಿ ಮಾತ್ರ ಹುಚ್ಚು ಹಿಡಿದಂತೆ ಆಡುತ್ತಿದ್ದದ್ದು ಇದಕ್ಕೇ. 'ನಿಂತಾಗ ತೊಂದರೆ, ಓಡುವಾಗ ಇಲ್ಲ' ಎಂದು ಯಾರಾದರೂ ಹೇಳಿದರೆ ನನ್ನ ಮೊದಲ ಅನುಮಾನ ಗಾಳಿಯ ಮೇಲೆ.

ಹಾಗಾದರೆ ಸ್ಕ್ಯಾನರ್‌ನಲ್ಲಿ ಕೋಡ್ ಯಾಕೆ ಬರಲಿಲ್ಲ? ಇಲ್ಲೇ ನಮ್ಮೂರಿನ ಬಹಳಷ್ಟು ಗ್ಯಾರೇಜುಗಳು ದಾರಿ ತಪ್ಪುವುದು.

ಎಷ್ಟು ಗಾಳಿ ಒಳಗೆ ಬಂತು ಎಂಬುದನ್ನು ತಿಳಿದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹಾಕುವುದು ಇಂಜಿನ್ನಿನ ಕಂಪ್ಯೂಟರ್ ಕೆಲಸ. ಶುದ್ಧ ಪೆಟ್ರೋಲ್ ಆದರೆ ಒಂದು ಗ್ರಾಂಗೆ 14.7 ಗ್ರಾಂ ಗಾಳಿ ಸರಿಯಾದ ಲೆಕ್ಕ. ಗಾಳಿಯನ್ನು ಅಳೆಯಲು ಎರಡು ಪದ್ಧತಿಗಳಿವೆ. ಒಂದು, ಏರ್ ಫಿಲ್ಟರ್ ಬಾಯಲ್ಲೇ ಕಾವಲುಗಾರನಂತೆ ನಿಂತು ಒಳಗೆ ಹೋಗುವ ಗಾಳಿಯನ್ನು ಎಣಿಸುವ ಮಾಫ್ ಸೆನ್ಸರ್. ಇನ್ನೊಂದು, ಮ್ಯಾನಿಫೋಲ್ಡ್‌ನೊಳಗೆ ಕೂತು ಅಲ್ಲಿನ ಒತ್ತಡ ಓದುವ ಮ್ಯಾಪ್ ಸೆನ್ಸರ್. ಒತ್ತಡ, ಆರ್‌ಪಿಎಂ, ಗಾಳಿಯ ಉಷ್ಣಾಂಶ ಇಷ್ಟರಿಂದ ಕಂಪ್ಯೂಟರ್ ಗಾಳಿಯ ತೂಕ ಅಂದಾಜಿಸುತ್ತದೆ. ನಮ್ಮಲ್ಲಿ ಓಡಾಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟು ಈ ಎರಡನೇ ಜಾತಿಯವು.

ಮಾಫ್ ಇರುವ ಕಾರಿನಲ್ಲಿ ಹಿತ್ತಲ ಬಾಗಿಲಿಂದ ಬಂದ ಗಾಳಿ ಲೆಕ್ಕಕ್ಕೇ ಸೇರುವುದಿಲ್ಲ. ಪೆಟ್ರೋಲ್ ಕಮ್ಮಿ ಬೀಳುತ್ತದೆ, ಮಿಶ್ರಣ ತೆಳುವಾಗುತ್ತದೆ, ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ದೂರು ಕೊಡುತ್ತದೆ, ಪಿ0171 ಎಂಬ ಕೋಡ್ ಬೀಳುತ್ತದೆ. ಮ್ಯಾಪ್ ಇರುವ ಕಾರಿನಲ್ಲಿ ಹಾಗಲ್ಲ. ಕದ್ದು ಬಂದ ಗಾಳಿಯೂ ಮ್ಯಾನಿಫೋಲ್ಡ್‌ನೊಳಗೇ ಬರುವುದರಿಂದ ಸೆನ್ಸರ್‌ಗೆ ಅದು ಕಾಣುತ್ತದೆ. ಕಂಪ್ಯೂಟರ್ ನಿಷ್ಠೆಯಿಂದ ಅದಕ್ಕೂ ಪೆಟ್ರೋಲ್ ಹಾಕುತ್ತದೆ. ಮಿಶ್ರಣ ಸರಿಯಾಗೇ ಇರುತ್ತದೆ. ಆದರೆ ಕಾಲು ಇಡದೆಯೂ ಆಕ್ಸಿಲರೇಟರ್ ತುಳಿದಂತೆ ಆಗುತ್ತದೆ. ಆರ್‌ಪಿಎಂ ಏರುತ್ತದೆ. ಇಳಿಸಲು ಕಂಪ್ಯೂಟರ್, ಥ್ರಾಟಲ್ ಮುಚ್ಚಿದ್ದಾಗ ಪಕ್ಕದ ದಾರಿಯಿಂದ ಗಾಳಿ ಬಿಡುವ ಐಡಲ್ ವಾಲ್ವನ್ನು ಮುಚ್ಚುತ್ತಾ ಹೋಗುತ್ತದೆ, ಕೊನೆಗೆ ಮುಚ್ಚಲು ಏನೂ ಉಳಿಯುವುದಿಲ್ಲ. ಆಗ, 'ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಆದರೂ ಆರ್‌ಪಿಎಂ ಜಾಸ್ತಿ ಇದೆ, ಅಂದರೆ ಗಾಡಿ ಇಳಿಜಾರಿನಲ್ಲಿ ಉರುಳುತ್ತಿರಬೇಕು' ಎಂದು ತಿಳಿದು ಪೆಟ್ರೋಲನ್ನೇ ನಿಲ್ಲಿಸುತ್ತದೆ. ಆರ್‌ಪಿಎಂ ಬೀಳುತ್ತದೆ. ಇಂಜಿನ್ ನಿಂತುಹೋದೀತೆಂದು ಮತ್ತೆ ಪೆಟ್ರೋಲ್ ಬಿಡುತ್ತದೆ, ಮತ್ತೆ ಏರುತ್ತದೆ. ಟೌನ್‌ಹಾಲ್ ಸಿಗ್ನಲ್‌ನಲ್ಲಿ ನಾನು ಕಂಡ ಉಯ್ಯಾಲೆ ಇದೇ. ಪಾಪ, ಕಂಪ್ಯೂಟರಿನದು ಏನೂ ತಪ್ಪಿರಲಿಲ್ಲ. ಅದು ತನ್ನ ಪಾಠ ಸರಿಯಾಗಿ ಒಪ್ಪಿಸುತ್ತಿತ್ತು. ಕೋಡ್ ಇಲ್ಲ ಅಂದರೆ ಗಾಡಿ ಸರಿ ಇದೆ ಎಂದು ಓದಿಕೊಂಡವರದು ತಪ್ಪು.

ಮೂರನೇ ಬಿಲ್ಲಿನ ನಂತರ ನಾನು ಹೋದದ್ದು ಮನೆ ಹತ್ತಿರದ ಸಣ್ಣ ಗ್ಯಾರೇಜಿಗೆ. ಅಲ್ಲಿನ ಹುಡುಗ ಐಟಿಐ ಮುಗಿಸಿ ಬಂದವನು. ಫೋನಿನಲ್ಲಿದ್ದ ಅಂಕಿಗಳನ್ನು ತೋರಿಸಿದೆ: ಐಡಲ್ ವಾಲ್ವ್ ಪೂರ್ತಿ ಮುಚ್ಚಿದೆ, ಆದರೂ ಆರ್‌ಪಿಎಂ ಇಳಿಯುತ್ತಿಲ್ಲ.

"ವಾಲ್ವ್ ಮುಚ್ಚಿದ್ರೆ ಗಾಳಿ ಎಲ್ಲಿಂದ ಬರ್ತಿದೆ ಸಾರ್?" ಅಂದ.

ಐದು ವಾರದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವನು ಥ್ರಾಟಲ್ ಬಾಯಿಂದ ಏರ್ ಪೈಪ್ ಕಳಚಿದ. ಇಂಜಿನ್ ಓಡುತ್ತಿರುವಾಗಲೇ ಹಳೆಯ ಫ್ಲೋರ್ ಮ್ಯಾಟ್‌ನಿಂದ ಕತ್ತರಿಸಿದ ದಪ್ಪ ರಬ್ಬರ್ ತುಂಡನ್ನು ಬಾಯಿಗೆ ಒತ್ತಿ ಹಿಡಿದ. ಆರೋಗ್ಯವಾಗಿರುವ ಇಂಜಿನ್ ಆಗಿದ್ದರೆ ಉಸಿರು ಕಟ್ಟಿ ತಕ್ಷಣ ನಿಲ್ಲಬೇಕು. ನಿಲ್ಲಲಿಲ್ಲ. ಕುಂಟುತ್ತಾ, ನಡುಗುತ್ತಾ ಓಡುತ್ತಲೇ ಇತ್ತು. ಫಿಲ್ಟರ್ ದಾರಿಯ ಭರಾಟೆ ಅಡಗಿದ್ದೇ ತಡ, ಇಷ್ಟು ದಿನ ಅದರಡಿ ಹೂತುಹೋಗಿದ್ದ ಸೀಟಿಯಂಥ ಸಣ್ಣ ಸದ್ದು ಎದ್ದು ಕೇಳಿಸಿತು. ಬಾನೆಟ್ಟಿನ ಹಿಂಭಾಗದಿಂದ, ಡ್ರೈವರ್ ಕಡೆಯಿಂದ. ಅವನು ಒಂದು ಮೊಳ ಉದ್ದದ ನೀರಿನ ಪೈಪಿನ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಡಾಕ್ಟರು ಸ್ಟೆಥಾಸ್ಕೋಪ್ ಆಡಿಸಿದ ಹಾಗೆ ಆಡಿಸುತ್ತಾ ಹೋದ. ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಹೋಸ್ ಬಾಗುವ ಜಾಗದಲ್ಲಿ, ಅಡಿಭಾಗದಲ್ಲಿ ಕೈ ನಿಂತಿತು. ಬಟ್ಟೆ ಸುತ್ತಿದ ಪ್ಲೈಯರ್‌ನಿಂದ ಹೋಸನ್ನು ಮ್ಯಾನಿಫೋಲ್ಡ್ ಬದಿಯಲ್ಲಿ ಹಿಸುಕಿದ. ಮುಳ್ಳು ಇಳಿಯಿತು. 750ರಲ್ಲಿ ನಿಂತು, ಅಲ್ಲಾಡಲಿಲ್ಲ.

ಈ ರಬ್ಬರ್ ತುಂಡಿನ ಪರೀಕ್ಷೆಯನ್ನು ಬರಿ ಅಂಗೈಯಿಂದ ಮಾಡಬೇಡಿ, ಎಳೆತ ಜೋರಾಗಿರುತ್ತದೆ. ದುಪಟ್ಟಾ, ಉದ್ದ ತೋಳು, ಕೊರಳ ಸರ ಯಾವುದೂ ಓಡುವ ಬೆಲ್ಟ್ ಹತ್ತಿರ ಹೋಗಬಾರದು. ಮಾಫ್ ಇರುವ ಕಾರಿನಲ್ಲಿ ಪೈಪ್ ಕಳಚಿದರೆ ಲೆಕ್ಕವೇ ತಪ್ಪಿ ಇಂಜಿನ್ ಬೇರೆ ಕಾರಣಕ್ಕೆ ನಿಲ್ಲಬಹುದು, ಅಲ್ಲಿ ಈ ಪರೀಕ್ಷೆ ನಂಬಿಕೆಗೆ ಅರ್ಹವಲ್ಲ.

ಸಿಕ್ಕಿತಲ್ಲ ಎಂಬ ಸಮಾಧಾನ ಐದು ನಿಮಿಷವೂ ಉಳಿಯಲಿಲ್ಲ. ಅದು ಬ್ರೇಕಿನ ಹೋಸ್. ಅದಕ್ಕೂ ಎರಡು ವಾರ ಹಿಂದೆ, ಇದೇ ಬಿರುಕಿಟ್ಟ ಹೋಸ್ ಇಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ನಾನು ಶಿರಾಡಿ ಘಾಟಿ ಇಳಿದಿದ್ದೆ.

ಬ್ರೇಕ್ ಪೆಡಲ್ ಹಿಂದೆ, ಇಂಜಿನ್ ಕಡೆಯ ಗೋಡೆಗೆ ಅಂಟಿಕೊಂಡು ದೊಡ್ಡ ಕಪ್ಪು ಡಬ್ಬಿಯೊಂದಿರುತ್ತದೆ. ಅದೇ ಬೂಸ್ಟರ್. ಒಳಗೆ ರಬ್ಬರಿನ ಒಂದು ಪರದೆ. ಅದರ ಎರಡೂ ಬದಿಗೆ ವ್ಯಾಕ್ಯೂಮ್ ಇರುತ್ತದೆ. ಪೆಡಲ್ ತುಳಿದಾಗ ಒಂದು ಬದಿಗೆ ಹೊರಗಿನ ಗಾಳಿ ಬಿಡಲಾಗುತ್ತದೆ. ಎಂಟು ಇಂಚು ಅಗಲದ ಪರದೆಯ ಮೇಲೆ ಐವತ್ತೆಂಟು-ಅರವತ್ತು ಕಿಲೋಪಾಸ್ಕಲ್ ವ್ಯತ್ಯಾಸ ಬಿದ್ದರೆ ಹೆಚ್ಚುಕಡಿಮೆ ಎರಡು ಕ್ವಿಂಟಲ್ ಭಾರದ ತಳ್ಳು ಸಿಗುತ್ತದೆ. ನಮ್ಮ ಕಾಲಿನ ಮೆಲ್ಲನೆಯ ಒತ್ತಿಗೆ ಕಾರು ನಿಲ್ಲುವುದು ಈ ಎರಡು ಕ್ವಿಂಟಲ್ ಗಾಳಿಯ ಸಹಾಯದಿಂದ. ಹೋಸ್ ಪೂರ್ತಿ ಕಿತ್ತುಹೋದರೆ ಬ್ರೇಕ್ ಇಲ್ಲವಾಗುವುದಿಲ್ಲ, ಆದರೆ ಪೆಡಲ್ ಕಲ್ಲಾಗುತ್ತದೆ. ಎರಡೂ ಕಾಲಿಟ್ಟು ತುಳಿಯಬೇಕಾದೀತು. ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಅದನ್ನು ಕಲಿಯುವ ಹೊತ್ತಲ್ಲ.

ಇದನ್ನು ನೀವೇ ಈಗಲೇ ಪರೀಕ್ಷಿಸಬಹುದು, ಬಾನೆಟ್ ಎತ್ತುವುದೂ ಬೇಡ. ಇಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ತುಳಿದು ಹಿಡಿದುಕೊಂಡೇ ಇಂಜಿನ್ ಚಾಲೂ ಮಾಡಿ. ಪೆಡಲ್ ಕಾಲಡಿ ಮೆಲ್ಲಗೆ ತುಸು ಕುಸಿಯಬೇಕು. ಕುಸಿಯದಿದ್ದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ತಲುಪುತ್ತಿಲ್ಲ. ಇಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದರೆ ಐಡ್ಲಿಂಗ್ ಕೆಡುತ್ತಿದ್ದರೆ, ಕಾಲಿನ ಹತ್ತಿರ ಬುಸುಗುಟ್ಟುವ ಸದ್ದು ನಿಲ್ಲದೆ ಬರುತ್ತಿದ್ದರೆ, ಒಳಗಿನ ಪರದೆಯೇ ಹರಿದಿರಬಹುದು. ಇನ್ನೊಂದು: ಇಂಜಿನ್ ಆಫ್ ಆದ ಮೇಲೂ ಒಂದೆರಡು ಸಲ ಪೆಡಲ್ ಮೆತ್ತಗೆ ಇರಬೇಕು. ಹೋಸಿನಲ್ಲಿರುವ ಒಂದೇ ದಿಕ್ಕಿನ ವಾಲ್ವ್ ವ್ಯಾಕ್ಯೂಮನ್ನು ಹಿಡಿದಿಟ್ಟಿರುತ್ತದೆ. ಮೊದಲ ತುಳಿತಕ್ಕೇ ಕಲ್ಲಾದರೆ ಆ ವಾಲ್ವೋ ಹೋಸೋ ಸೋರುತ್ತಿದೆ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಯಲೆಂದು ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡುವವರನ್ನು ನಾನು ಬಲ್ಲೆ. ಅವರಿಗೆ ಕೈ ಮುಗಿದು ಹೇಳುತ್ತೇನೆ: ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೆ ಮುಗಿದುಹೋಗುತ್ತದೆ. ಗೇರಿನಲ್ಲೇ ಇಳಿದರೆ ಚಕ್ರಗಳೇ ಇಂಜಿನ್ ತಿರುಗಿಸುತ್ತವೆ, ಥ್ರಾಟಲ್ ಮುಚ್ಚಿರುವುದರಿಂದ ವ್ಯಾಕ್ಯೂಮ್ ಅತಿ ಹೆಚ್ಚು ಸಿಗುತ್ತದೆ, ಫ್ಯೂಯಲ್ ಇಂಜೆಕ್ಷನ್ ಇರುವ ಕಾರು ಆ ಹೊತ್ತಿನಲ್ಲಿ ಪೆಟ್ರೋಲನ್ನು ತಾನೇ ನಿಲ್ಲಿಸುತ್ತದೆ. ಉಳಿತಾಯ ಬೇಕೆನ್ನುವವರಿಗೂ ಗೇರೇ ಸರಿ.

ಇನ್ನು ಮಾಫ್ ಇರುವ ಕಾರಿನವರಿಗೆ ಬೇರೆ ದಾರಿ ಇದೆ. ಫೋನಿನಲ್ಲಿ 'ಫ್ಯೂಯಲ್ ಟ್ರಿಮ್' ಎಂಬ ಅಂಕಿ ಹುಡುಕಿ. ಮೂಲ ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕಬೇಕಾಗಿ ಬಂದಿದೆ ಎಂದು ಅದು ಹೇಳುತ್ತದೆ. ಕ್ಷಣಕ್ಷಣಕ್ಕೆ ಬದಲಾಗುವುದು ಒಂದು, ಅನುಭವದಿಂದ ಕಲಿತು ನೆನಪಿಟ್ಟದ್ದು ಇನ್ನೊಂದು. ಎರಡನ್ನೂ ಕೂಡಿಸಿ ನೋಡಬೇಕು. ಹತ್ತರೊಳಗೆ ಇದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ +20, +25 ಇದ್ದು, 2500 ಆರ್‌ಪಿಎಂನಲ್ಲಿ ಹಿಡಿದಾಗ ಮೂರು ನಾಲ್ಕಕ್ಕೆ ಇಳಿದರೆ ಅದು ಏರ್ ಲೀಕಿನ ಸಹಿ. ಸಾಸಿವೆ ಕಾಳಿನ ಲೆಕ್ಕ ನೆನಪಿಸಿಕೊಳ್ಳಿ, ಕಾರಣ ಅದೇ. ಇದಕ್ಕೆ ವಿರುದ್ಧವಾಗಿ ಐಡ್ಲಿಂಗ್‌ನಲ್ಲಿ ಸರಿಯಿದ್ದು ವೇಗ ಹೆಚ್ಚಿದಂತೆ ಏರುತ್ತಿದ್ದರೆ ಗಾಳಿಯನ್ನು ಬಿಟ್ಟು ಪೆಟ್ರೋಲ್ ಪಂಪು, ಫಿಲ್ಟರು, ಕೊಳೆಯಾದ ಮಾಫ್ ಸೆನ್ಸರ್ ಕಡೆ ನೋಡಿ.

ಈಗ ಇದಕ್ಕೊಂದು ಹೊಸ ಗೊಂದಲ ಸೇರಿದೆ. ನಮ್ಮ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇದೆ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುವುದರಿಂದ 14.7ರ ಲೆಕ್ಕ 13.5ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಕಾರಿನಲ್ಲಿ ಟ್ರಿಮ್ ಎಲ್ಲ ವೇಗದಲ್ಲೂ ಒಂದೇ ಸಮ +5, +8 ತೋರಿಸಿದರೆ ಅದು ಇಂಧನದ ಗುಣವಿರಬಹುದು. ಐಡ್ಲಿಂಗ್‌ಗೂ ವೇಗಕ್ಕೂ ನಡುವಿನ ಅಂತರವೇ ಮುಖ್ಯ, ಒಂಟಿ ಅಂಕಿ ಅಲ್ಲ.

ಲೀಕ್ ಇದೆ ಎಂದು ಗೊತ್ತಾದ ಮೇಲೆ ಜಾಗ ಹುಡುಕಬೇಕಲ್ಲ. ಇಲ್ಲಿ ನನಗೆ ಭಯ ಹುಟ್ಟಿಸುವ ಎರಡು ಪದ್ಧತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಓಡುವ ಇಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಮಾಡುವುದು ಒಂದು. ಬಿರುಕಿನ ಮೇಲೆ ಬಿದ್ದ ಸ್ಪ್ರೇಯನ್ನು ಇಂಜಿನ್ ಒಳಗೆ ಎಳೆದುಕೊಂಡಾಗ ಆರ್‌ಪಿಎಂ ಜಿಗಿಯುತ್ತದೆ, ಜಾಗ ಸಿಗುತ್ತದೆ ನಿಜ. ಆದರೆ ಅದು ಬೆಂಕಿ ಹತ್ತುವ ದ್ರವ. ಒಂದು ಗೇಣು ಆಚೆ ಕೆಂಡದಂತೆ ಕಾದ ಎಕ್ಸಾಸ್ಟ್ ಇರುತ್ತದೆ. ಎರಡನೆಯದು ಊದುಬತ್ತಿ ಹಚ್ಚಿ ಹೋಸುಗಳ ಸುತ್ತ ಆಡಿಸಿ, ಹೊಗೆ ಎಲ್ಲಿ ಒಳಗೆ ಹೋಗುತ್ತದೆ ಎಂದು ನೋಡುವುದು. ಇಂಜೆಕ್ಟರ್ ಹತ್ತಿರ ಒಂದು ಹನಿ ಪೆಟ್ರೋಲ್ ಜಿನುಗುತ್ತಿದ್ದರೂ ಆ ಬತ್ತಿ ಸಾಕು. ದಯವಿಟ್ಟು ಇವೆರಡನ್ನೂ ಮನೆಯ ಮುಂದೆ ಮಾಡಬೇಡಿ.

ಸಾದಾ ನೀರಿನ ಸ್ಪ್ರೇ ಬಾಟಲಿ ಬಹಳ ಕಡೆ ಸಾಕಾಗುತ್ತದೆ. ವೈರು, ಪ್ಲಗ್ ಕಾಯಿಲ್ ಬಿಟ್ಟು, ಹೋಸಿನ ಕೂಡುಗಳ ಮೇಲೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಂಚಿನ ಮೇಲೆ ಸಣ್ಣಗೆ ಚಿಮುಕಿಸಿ. ನೀರು ಒಂದು ಕ್ಷಣ ಬಿರುಕು ಮುಚ್ಚಿದಾಗ ಸದ್ದೂ ಆರ್‌ಪಿಎಂ ಕೂಡ ಬದಲಾಗುತ್ತವೆ. ಹೋಸುಗಳನ್ನು ಒಂದೊಂದಾಗಿ ಹಿಸುಕುವುದು ಇನ್ನೂ ಖಚಿತ. ಎಲ್ಲಕ್ಕಿಂತ ಒಳ್ಳೆಯದು ಹೊಗೆ ಯಂತ್ರ. ಇಂಜಿನ್ ಆಫ್ ಮಾಡಿ, ಮಿನರಲ್ ಎಣ್ಣೆ ಕಾಯಿಸಿದ ದಟ್ಟ ಹೊಗೆಯನ್ನು ತೀರಾ ಕಡಿಮೆ ಒತ್ತಡದಲ್ಲಿ ಇನ್‌ಟೇಕ್ ಒಳಗೆ ತುಂಬಿದರೆ, ತೂತಿದ್ದಲ್ಲಿಂದ ಹೊಗೆಯ ಎಳೆ ಎದ್ದು ತಾನೇ ತೋರಿಸಿಕೊಡುತ್ತದೆ. ಒಂದು ಐಡಲ್ ವಾಲ್ವ್ ಬದಲಿಸುವ ಮುನ್ನ ಹೊಗೆ ಹಾಕಿ ನೋಡಿ ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ.

ಎಲ್ಲೆಲ್ಲಿ ಹುಡುಕಬೇಕು? ಶಾಖಕ್ಕೂ ಗಾಳಿಯ ಓಝೋನ್‌ಗೂ ರಬ್ಬರ್ ಒಣಗುತ್ತದೆ, ಬಾಗಿದ ಕಡೆ ಮೊದಲು ಸೀಳುತ್ತದೆ. ಇಂಜಿನ್ನಿನ ಹೊಟ್ಟೆಯ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ಪಿಸಿವಿ ವಾಲ್ವ್ ಮತ್ತು ಅದರ ಹೋಸ್ ಎಣ್ಣೆ ಕುಡಿದು ಮೆತ್ತಗಾಗುತ್ತವೆ. ಪೆಟ್ರೋಲ್ ತುಂಬಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗಲು ಹಟ ಮಾಡಿದರೆ ಟ್ಯಾಂಕಿನ ಆವಿ ತರುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು. ಬೆಳಗ್ಗೆ ತಣ್ಣಗಿರುವಾಗ ಮಾತ್ರ ನಡುಗಿ, ಬಿಸಿಯಾದ ಮೇಲೆ ಸರಿಹೋದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಬಿಸಿಗೆ ಹಿಗ್ಗಿ ತೂತು ಮುಚ್ಚಿಕೊಳ್ಳುತ್ತದೆ. ಒಂದೇ ಸಿಲಿಂಡರ್ ಮಿಸ್ ಹೊಡೆಯುತ್ತಿದ್ದು, ಅದರ ಪ್ಲಗ್ ಮಾತ್ರ ಬೂದಿಯಂತೆ ಬೆಳ್ಳಗಿದ್ದರೆ ಆ ಸಿಲಿಂಡರಿನ ಬಾಯಲ್ಲೇ ಗ್ಯಾಸ್ಕೆಟ್ಟೋ ಇಂಜೆಕ್ಟರಿನ ಓ-ರಿಂಗೋ ಸೋರುತ್ತಿರುತ್ತದೆ. ಹೊರಗಡೆ ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸಿದ ಕಾರುಗಳಲ್ಲಿ ನಾನು ಮೊದಲು ನೋಡುವುದು ಗ್ಯಾಸ್ ಬಿಡಲು ಮ್ಯಾನಿಫೋಲ್ಡ್‌ಗೆ ಕೊರೆದು ಕೂರಿಸಿದ ನಳಿಕೆಗಳನ್ನು, ವ್ಯಾಕ್ಯೂಮ್ ಹೋಸ್ ಕತ್ತರಿಸಿ ಹಾಕಿದ ಟೀ ಜಾಯಿಂಟನ್ನು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸುವವರು ಇಲಿ, ಹೆಗ್ಗಣಗಳನ್ನೂ ಮರೆಯಬಾರದು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಕಡಿದ ಹೋಸಿನ ಚೂರುಗಳು ಬ್ಯಾಟರಿ ಪಕ್ಕದಲ್ಲೇ ಸಿಗುತ್ತವೆ.

ಟರ್ಬೊ ಇರುವ ಪೆಟ್ರೋಲ್ ಕಾರುಗಳಲ್ಲಿ ಅದೇ ಬಿರುಕು ಐಡ್ಲಿಂಗ್‌ನಲ್ಲಿ ಗಾಳಿ ಒಳಗೆಳೆದು, ಜೋರಾಗಿ ತುಳಿದಾಗ ಹೊರಗೆ ಉಗುಳುತ್ತದೆ. ಡೀಸೆಲ್ ಇಂಜಿನ್ನಿನ ಬ್ರೇಕಿಗೆ ವ್ಯಾಕ್ಯೂಮ್ ಕೊಡಲು ಪ್ರತ್ಯೇಕ ಪಂಪ್ ಇರುವುದರಿಂದ ಅದರ ಕಥೆ ಬೇರೆ.

ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡ ಹಳಬರು ಈಗಲೂ ಇದ್ದಾರೆ, ಅವರಿಗೊಂದು ಮಾತು. ಪುಸ್ತಕಗಳಲ್ಲಿ ಬರೆದಿರುವ 17ರಿಂದ 22 ಇಂಚು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದಿಂಚು ಕಮ್ಮಿಯಾಗುತ್ತದೆ. ಮಂಗಳೂರಿನಲ್ಲಿ 19 ತೋರಿಸುವ ಆರೋಗ್ಯವಂತ ಇಂಜಿನ್ ಬೆಂಗಳೂರಿನಲ್ಲಿ 16 ತೋರಿಸುತ್ತದೆ. ಆ ಮೂರು ಇಂಚು ನಮ್ಮೂರಿನ ಎತ್ತರದ್ದು. ಅದನ್ನು ಲೀಕ್ ಎಂದು ತಿಳಿದು ಗ್ಯಾಸ್ಕೆಟ್ ಬಿಚ್ಚಬಾರದು.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ, ಒಳಗೆ ಒಂದೇ ದಿಕ್ಕಿನ ವಾಲ್ವ್ ಇರುವ ಹೊಸ ಹೋಸ್‌ಗೆ ನಾನು ಕೊಟ್ಟದ್ದು 640 ರೂಪಾಯಿ. ಹಳೆಯದನ್ನು ಹುಡುಗ ನನ್ನ ಕೈಗಿತ್ತ. ನೆಟ್ಟಗೆ ಹಿಡಿದರೆ ಅದರ ಮೇಲೆ ಏನೂ ಕಾಣುವುದಿಲ್ಲ. ಕಾರಿನಲ್ಲಿ ಇದ್ದ ಹಾಗೆ ಬಗ್ಗಿಸಿದಾಗ ಮಾತ್ರ ಅಡಿಯಲ್ಲಿ ಬೆರಳುಗುರಿನ ಉದ್ದಕ್ಕೆ ಬಾಯಿ ಬಿಡುತ್ತದೆ. ಮೂರು ಸಲ ಬಾನೆಟ್ ಎತ್ತಿದವರು ಮೇಲಿಂದ ನೋಡಿದ್ದರು, ಅಡಿಗೆ ಬೆರಳು ಹಾಕಿರಲಿಲ್ಲ. ಹೊಸ ಹೋಸ್ ಕೂರಿಸಿ, ಕ್ಲಿಪ್ ಬಿಗಿದು, ಇಂಜಿನ್ ಆಫ್ ಇರುವಾಗ ಪೆಡಲನ್ನು ಆರು ಸಲ ತುಳಿದು ಹಿಡಿದುಕೊಂಡೆ. "ಸ್ಟಾರ್ಟ್ ಮಾಡಿ ಸಾರ್" ಅಂದ ಹುಡುಗ. ಕೀ ತಿರುಗಿಸಿದೆ. ಪೆಡಲ್ ಕಾಲಡಿ ಒಂದು ಬೆರಳಿನಷ್ಟು ಮೆಲ್ಲಗೆ ಕೆಳಗಿಳಿಯಿತು.